ಸೂಜಿಯ ನಂಬರು

ಜೀನ್ಸಿಗೆ ನಾವು ಹಾಕುವುದು ಹದಿನೆಂಟನೇ ನಂಬರಿನ ಸೂಜಿ.
ನಂಬರು ಏರಿದಷ್ಟೂ ದಪ್ಪ.
ಚೀಟಿಯಲ್ಲಿ ಇಪ್ಪತ್ತೆರಡು ಅಂತ ಓದಿ ಬೆವತೆ.
ರೂತಮ್ಮ ಸಿಸ್ಟರ್ ನಕ್ಕರು:
‘ನಮ್ಮ ಕಡೆ ಲೆಕ್ಕ ಉಲ್ಟಾ, ಗಾದಿಲಿಂಗ,
ಏರಿದಷ್ಟೂ ಸಣ್ಣ.’

ಆ ಹೆಸರು ಹಿಡಿದು ಅವರು ಕರೆದದ್ದು ಅದೇ ಮೊದಲು.
ಸೂಜಿ ಮರೆತೇಹೋಯಿತು ಒಂದು ಗಳಿಗೆ.

ಡಾಕ್ಟರು ಎರಡನ್ನೂ ಬರೆದುಕೊಟ್ಟಿದ್ದರು, ಯೋಚಿಸಿ ಎಂದು.
ಎಂಟು ದಿನ ಆ ಚೀಟಿ ನನ್ನ ಮಷೀನಿನ ಡ್ರಾದಲ್ಲಿ
ಬಾಬಿನ್ನುಗಳ ಜೊತೆ ಉರುಳಾಡಿತು.

ಜೆಲ್ಲೇ ಚೆಂದ ಅನಿಸಿತ್ತು.
ಸ್ನಾನ ಮಾಡಿ ಭುಜಕ್ಕೆ ಒಂದಿಷ್ಟು ಸವರಿದರೆ ಮುಗಿಯಿತು,
ಏರಿಲ್ಲ ಇಳಿವಿಲ್ಲ, ದಿನವೂ ಒಂದೇ ಸಮ.
ಒಂದೇ ಸಮ ಅಂದರೇನು ಅಂತ
ಉದ್ದ ಹೊಲಿಗೆ ಹಾಕುವವನಿಗೆ ಯಾರೂ ಹೇಳಬೇಕಿಲ್ಲ.
ಆದರೆ ಹಚ್ಚಿದ ಮೇಲೆ ಮೈ ಒಣಗಬೇಕಂತೆ.
ಕೌಲ್ ಬಜಾರಿನ ತಗಡಿನ ಶೆಡ್ಡು, ಏಪ್ರಿಲ್ ತಿಂಗಳು,
ಪಕ್ಕದಲ್ಲೇ ಇಸ್ತ್ರಿ ಟೇಬಲ್ಲು:
ನನ್ನ ಮೈ ಒಣಗುವುದು ರಾತ್ರಿ ಎರಡು ಗಂಟೆಗೆ.

ಅದೂ ಹೋಗಲಿ.
ಹಚ್ಚಿದ ಜಾಗ ಇನ್ನೊಬ್ಬರ ಚರ್ಮಕ್ಕೆ ತಾಗಬಾರದು,
ಮಕ್ಕಳಿಗಂತೂ ಬೇಡವೇ ಬೇಡ ಎಂದರು.
ಬಣ್ಣ ಅಂಟುವುದು ನನಗೆ ಗೊತ್ತು.
ವಾಷಿಂಗಿನಲ್ಲಿದ್ದ ಎರಡು ವರ್ಷ
ಮುಟ್ಟಿದ್ದೆಲ್ಲ ನೀಲಿ: ತಟ್ಟೆ, ಬಾಗಿಲು,
ಒಮ್ಮೆ ಅಣ್ಣನ ಮಗಳು ಹುಲಿಗಿಯ ಬಿಳಿ ಫ್ರಾಕು.
ಮಾಳಿಗೆ ಮೇಲೆ ನಾವು ಆರು ಜನ ಸಾಲಾಗಿ ಮಲಗುತ್ತೇವೆ.
ಹುಲಿಗಿ ತಲೆಯಿಡುವುದು ನನ್ನ ಭುಜಕ್ಕೆ,
ಡಾಕ್ಟರು ಬೆರಳಿಟ್ಟು ತೋರಿಸಿದ ಜಾಗಕ್ಕೇ.
ಅಂಗಿ ತೊಟ್ಟು ಮಲಗಿ ಎಂದರು.
ಅವಳು ತೋಳು ಸರಿಸಿ ಕೆನ್ನೆ ಒತ್ತುವವಳು,
ಅವರಿಗೇನು ಗೊತ್ತು.

ಮೂರು ತಿಂಗಳಿಗೊಮ್ಮೆ ಚುಚ್ಚುವುದೂ ಇದೆಯಂತೆ.
ಬೆಲೆ ಕೇಳಿ ನೀರು ಕುಡಿದೆ.

ಉಳಿದದ್ದು ಎರಡು ವಾರದ ಎಣ್ಣೆ ಸೂಜಿ.
ಸಂಡೂರಿನ ಜಂಬಣ್ಣ ಆರು ವರ್ಷದಿಂದ ತಗೊಳ್ಳುವವನು.
‘ಮೊದಲ ವಾರ ನೀನೇ ರಾಜ’ ಅಂದ.
ಕೊನೆಯ ನಾಲ್ಕು ದಿನ?
ಸುಮ್ಮನಿದ್ದ. ಆಮೇಲೆ ನನಗೇ ತಿಳಿಯಿತು.
ಬಾಬಿನ್ ದಾರ ತೀರಿದ ಹಾಗೆ ಅದು:
ಮಷೀನು ಓಡುತ್ತಿರುತ್ತದೆ, ಮೇಲೆ ಹೊಲಿಗೆ ಕಾಣುತ್ತದೆ,
ತಿರುಗಿಸಿ ನೋಡಿದರೆ ಕೆಳಗೆ ಏನೂ ಹಿಡಿದಿಲ್ಲ.
ಅಂಥ ದಿನ ಯಾರಾದರೂ ‘ಅಕ್ಕ’ ಅಂದರೆ
ಕತ್ತರಿ ಕೆಳಗಿಟ್ಟು ಹೊರಗೆ ಹೋಗುತ್ತೇನೆ.

ಎಣ್ಣೆ ಗಟ್ಟಿ, ಅಂಗೈಯಲ್ಲಿ ಬೆಚ್ಚಗೆ ಮಾಡಿಕೋ
ಎಂದರು ಸಿಸ್ಟರ್.
ಬಳ್ಳಾರಿಯಲ್ಲಾ? ಎಂದೆ.
ಇಬ್ಬರೂ ನಕ್ಕೆವು, ಅಷ್ಟರಲ್ಲಿ ಚುಚ್ಚಿಯಾಗಿತ್ತು.

ಮೂರನೇ ಸಲದಿಂದ ಮನೆಯಲ್ಲಿ ನಾನೇ.
ಬಚ್ಚಲ ಬಾಗಿಲು ಮುಂದೆ ಮಾಡಿ, ತೊಡೆಗೆ.
ಮುಗಿಸಿದ ಸೂಜಿಯನ್ನು ಪೇಪರಿನಲ್ಲಿ ಸುತ್ತಿ
ಹೊರಬಂದರೆ ಅವ್ವ ಎದುರಿಗೇ.
ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ ಅವಳದು,
ದಿನಕ್ಕೆರಡು ಸಲ ಹೊಟ್ಟೆಗೆ ಚುಚ್ಚಿಕೊಳ್ಳುವವಳು.
ಏನಂತ ಕೇಳಲಿಲ್ಲ, ಯಾಕಂತ ಕೇಳಲಿಲ್ಲ.
ತನ್ನ ಹಳೆ ಹಾರ್ಲಿಕ್ಸ್ ಡಬ್ಬಿಯ ಮುಚ್ಚಳ ತೆಗೆದು
ಮುಂದೆ ಹಿಡಿದಳು:
‘ಇದ್ರಾಗ ಹಾಕು. ಬ್ಯಾರೆ ಡಬ್ಬಿ ಯಾಕ?’

ಹಾಕಿದೆ.
ನಾಳೆ ಏಳುನೂರು ಪೀಸು ಕೊಡಬೇಕು.
ಪೆಡಲಿಗೆ ಬಲಗಾಲು ಬೇಕು,
ಚುಚ್ಚಿದ್ದು ಎಡಕ್ಕೆ.