ಬಂದೀತು

ಪುಟ್ಟಮಾದಯ್ಯ ಮೈಸೂರಿಗೆ ತಂದ ಡಬ್ಬಿಗಳು ನಾಲ್ಕು.
ಒಳಗೆ ಹೆಬ್ಬೆರಳ ಉಗುರಗಲದ ಕಪ್ಪು ಅಂಟು,
ಮೇಲೆ ಚೀಟಿ: ಕಲ್ಲಯ್ಯ, ಬಲಗೈ. ಕಲ್ಲಯ್ಯ, ಎಡಗೈ.
ಉಳಿದೆರಡು ಅವನ ತಮ್ಮ ಬೋರಲಿಂಗನವು.
ಒಬ್ಬನ ಕೈ ಆಗಲೇ ತಣ್ಣಗಿತ್ತು, ಮಂಡ್ಯದ ಶವಾಗಾರದಲ್ಲಿ;
ಇನ್ನೊಬ್ಬನದು ಜಗಲಿಯ ಮೇಲೆ ಬೆವರುತ್ತಿತ್ತಂತೆ.

ಗ್ಲೌಸು ಹಾಕುವ ಮುಂಚೆ ಪಿಸ್ತೂಲು ಮುಟ್ಟಿದ್ದಿರಾ? ಕೇಳಿದೆ.
'ನಂಗೆಲ್ಲಿ ಪಿಸ್ತೂಲು ಮೇಡಂ, ಲಾಠಿ ಅಷ್ಟೇಯ.
ಈಡು ಕೇಳ್ಸಿದ್ದು ರಾತ್ರಿ ಹತ್ತಕ್ಕೆ, ನಾವ್ ಓಗಿದ್ದು ಒಂದೂವರೆಗೆ.
ಅವರವ್ವ ಕೈಗೆ ನೀರು ಬಿಡಕ್ಕೆ ಬಂದಿದ್ಲು, ಚೊಂಬು ಹಿಡ್ಕಂಡು.
ನಾನೇ ತಡೆದೆ.'
ಬರೆದುಕೊಂಡೆ: ಮೂರೂವರೆ ಗಂಟೆ. ತೊಳೆದಿಲ್ಲ.
ಚೊಂಬನ್ನು ಬರೆಯಲು ಫಾರಮಿನಲ್ಲಿ ಜಾಗವಿರಲಿಲ್ಲ.

ಯಂತ್ರದೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದ ಮೇಲೆ
ತೆರೆಯ ಮೇಲೆ ಏಳುತ್ತದೆ ಒಂದು ಅಂಗೈಯ ನೆಲ:
ಕಬ್ಬಿನ ಸುಂಕು, ಸತ್ತ ಚರ್ಮದ ಹಪ್ಪಳ,
ಸುಣ್ಣ, ಹೊಗೆಸೊಪ್ಪಿನ ಪುಡಿ, ಉಪ್ಪು.
ನಡುವೆ ಅಲ್ಲೊಂದು ಇಲ್ಲೊಂದು
ಬೆಳ್ಳಗೆ, ದುಂಡಗೆ,
ರಾಗಿಕಾಳಿನ ಅಗಲವನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು.
ಸೀಸ, ಬೇರಿಯಂ, ಆಂಟಿಮನಿ
ಮೂರೂ ಒಂದೇ ಹನಿಯಲ್ಲಿ.
ಬೆಂಕಿಯಲ್ಲಿ ಕರಗಿ, ಹಾರಿ, ಎಲ್ಲೂ ಕೂರುವ ಮೊದಲೇ
ಗಟ್ಟಿಯಾದದ್ದಕ್ಕೆ ಬರುವ ದುಂಡು ಅದು.

ಅಣ್ಣನ ಕೈಯಲ್ಲಿ ಹನ್ನೊಂದು. ತಮ್ಮನ ಕೈಯಲ್ಲಿ ಒಂಬತ್ತು.
ಕೋವಿ ಒಂದೇ, ಹಂದಿ ಕಾಯಲು ಲೈಸೆನ್ಸ್ ಪಡೆದದ್ದು.

ಎರಡು ವರ್ಷದ ಮೇಲೆ ಮಂಡ್ಯದ ಕೋರ್ಟು.
ಫ್ಯಾನು ಕಟಕಟ ಅನ್ನುತ್ತಿತ್ತು, ಕಟಕಟೆಯಲ್ಲಿ ನಾನು.
ವಕೀಲರು ಕನ್ನಡಕ ಹಣೆಗೇರಿಸಿ ಕೇಳಿದರು:
ಈಡು ತಗುಲಿದವನನ್ನು ಬಾಚಿ ಎದೆಗವಚಿಕೊಂಡರೆ
ಅವನ ಅಂಗಿಯಿಂದ ಇವನ ಕೈಗೆ ಈ ಕಣ ಬಂದೀತೇ?
ಬಂದೀತು, ಅಂದೆ.
ಟೈಪಿಸ್ಟ್ ಹುಡುಗಿ ಹೊಡೆದಳು: ಬರುತ್ತದೆ.
ಸರ್ಕಾರಿ ವಕೀಲರು ಎದ್ದರು:
ಗುಂಡು ಹೊಡೆದವನ ಕೈಯಲ್ಲೂ ಇದ್ದೀತಲ್ಲ?
ಇದ್ದೀತು.
ಹುಡುಗಿ ಹೊಡೆದಳು: ಇರುತ್ತದೆ.

ತಡೆಯಿರಿ ಸ್ವಾಮಿ. ಬರುತ್ತದೆ ಅಲ್ಲ, ಬಂದೀತು.
ನ್ಯಾಯಾಧೀಶರು ಪೆನ್ನು ಎತ್ತಿ ನನ್ನನ್ನು ನೋಡಿದರು.
ವ್ಯತ್ಯಾಸವೇನಮ್ಮ?

ಏಳನೇ ಕ್ಲಾಸಿನಲ್ಲಿ ನಂಜುಂಡಾರಾಧ್ಯ ಮೇಷ್ಟ್ರು
ಬೋರ್ಡಿನ ಮೇಲೆ ಸಂಭಾವನಾರ್ಥಕ ಅಂತ ಬರೆದು
ಸೀಮೆಸುಣ್ಣದ ಕೈ ಪಂಚೆಗೆ ಒರೆಸಿಕೊಂಡು ಹೇಳಿದ್ದರು:
ಮಳೆ ಬಂದೀತು ಅಂದವನು ಸುಳ್ಳುಗಾರನಲ್ಲ ಕಣ್ರೋ,
ನೆನೆದವನೂ ಅಲ್ಲ.
ಅದನ್ನು ಅಲ್ಲಿ ಹೇಳಲಿಲ್ಲ.
ನನಗೆ ಗೊತ್ತಿರುವುದು ಅಷ್ಟೇ, ಅಂದೆ.
ಹುಡುಗಿ ಎರಡು ಪದ ಅಳಿಸಿ ಮತ್ತೆ ಹೊಡೆದಳು.

ಹೊರಗೆ ಹೊಂಗೆಯ ಕೆಳಗೆ ಬೋರಲಿಂಗ, ಪಕ್ಕದಲ್ಲಿ ಅವರವ್ವ.
ಅವಳ ಕೈಯಲ್ಲೊಂದು ನೀರಿನ ಬಾಟಲಿ.
ಮುಚ್ಚಳ ತಿರುಗಿಸುತ್ತಿದ್ದಳು.
ಮಗನಿಗೆ ಕುಡಿಯಲು ಕೊಟ್ಟಳೋ, ಕೈಗೆ ಬಿಟ್ಟಳೋ,
ಅಷ್ಟರಲ್ಲಿ ಮೈಸೂರಿನ ಬಸ್ಸು ಬಂತು.