ಅರವತ್ತು ನಿಮಿಷದ ಟೇಪು

ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಹಿಂದೆ
ಬಂದರಿಗೆ ಇಳಿಯುವ ಓಣಿಯಲ್ಲಿ
ವಾಮನಣ್ಣನ ಅಂಗಡಿ. ನನಗೆ ಹದಿನೇಳು.
ಕೆಲಸ ಸುಲಭ: ಒಂದು ಡೆಕ್ಕಿಗೆ ಹಾಡು, ಇನ್ನೊಂದಕ್ಕೆ ಖಾಲಿ ಟೇಪು,
ಎರಡು ಗುಂಡಿ ಒಟ್ಟಿಗೆ ಒತ್ತಬೇಕು.
ದುಪ್ಪಟ್ಟು ವೇಗದಲ್ಲಿ ಓಡುವಾಗ
ಎಂಥವನ ಅಳುವೂ ಇಲಿಮರಿಯ ಕೀಚಲು.
ನಾವು ನಗುತ್ತಿದ್ದೆವು.

ಕ್ಯಾಸೆಟ್ಟಿನ ನೆತ್ತಿಯಲ್ಲಿ ಒಂದು ಚಿಕ್ಕ ಹಲ್ಲು.
ಕಂಪೆನಿಯವರು ಅದನ್ನು ಮುರಿದೇ ಕಳಿಸುವುದು,
ಇದರ ಮೇಲೆ ಬೇರೇನೂ ತುಂಬಿಸಕೂಡದೆಂದು.
ಕಾನೂನೆಂದರೆ ಬಹಳ ವರ್ಷ ನನಗೆ ಅಷ್ಟೇ:
ಹಲ್ಲು ಹೋದ ತೂತು,
ಅದರ ಮೇಲೆ ಅರ್ಧ ಇಂಚು ಸೆಲ್ಲೋಟೇಪು.

ಸಿಪ್ರಿಯನ್ ಕುವೆಲ್ಲೊ ಜೆಪ್ಪುವಿನ ಹಂಚಿನ ಕಾರ್ಖಾನೆಯವನು.
ಅಚ್ಚು ಬೀಳುವ ತಾಳಕ್ಕೇ ಕಟ್ಟಿದ್ದ ಹನ್ನೆರಡು ಕೊಂಕಣಿ ಹಾಡು.
ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿಟ್ಟು
ಒಂದು ಸಾವಿರ ಕ್ಯಾಸೆಟ್ ಮಾಡಿಸಿದ.
ಆದಿತ್ಯವಾರ ಪೂಜೆ ಬಿಡುವಾಗ ಇಗರ್ಜಿಯ ಮೆಟ್ಟಿಲಲ್ಲಿ
ಬಟ್ಟೆಚೀಲ ಹಿಡಿದು ನಿಲ್ಲುತ್ತಿದ್ದ. ಇಪ್ಪತ್ತೆಂಟು ರೂಪಾಯಿ.
ನಮ್ಮಲ್ಲಿ ಹದಿನೈದು. ಹೆಸರು ನೇರಳೆ ಶಾಯಿಯಲ್ಲಿ, ನನ್ನದೇ ಅಕ್ಷರ.
ಕುವೈಟಿನಿಂದ ರಜೆಗೆ ಬಂದವರು ಹತ್ತು ಹತ್ತು ಒಯ್ದರು.
ಎಣಿಸಿದ್ದು ನಾನೇ, ಎಂಟುನೂರರ ಮೇಲೆ.
ಅವನ ಸಾವಿರದಲ್ಲಿ ಮುಕ್ಕಾಲು ಮಂಚದಡಿ ಉಳಿದು
ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿಯಿತು.

ಅಕ್ಕನ ಮಗ ಹೇಳುತ್ತಾನೆ: ಮಾಮ, ಹಾಡೆಂದರೆ ಗಾಳಿ,
ಗಾಳಿಗೆ ಯಾರಾದರೂ ಬೇಲಿ ಹಾಕುತ್ತಾರಾ?
ಹಾಕುವುದಿಲ್ಲ ಮಾರಾಯ. ಆದರೆ ಬಳೆ ಗಾಳಿಯದ್ದಲ್ಲ.
ಬಡ್ಡಿಯೂ ಅಲ್ಲ.
ಬೇಲಿ ಹಾಕುವವರನ್ನೂ ಕಂಡಿದ್ದೇನೆ.
ಆ ಹಾಡುಗಳನ್ನು ಮೊನ್ನೆ ಫೋನಿನಿಂದ ಏರಿಸಿದರೆ
ಇದು ನಮ್ಮ ಸೊತ್ತೆಂದು ತೆಗೆದು ಹಾಕಿದರು,
ಜೆಪ್ಪು ಯಾವ ದಿಕ್ಕಿಗೆಂದೂ ಗೊತ್ತಿಲ್ಲದವರು.
ಸ್ಟುಡಿಯೋ ಮುಳುಗುವಾಗ ಮೇಜು ಕುರ್ಚಿಯ ಜತೆ
ಇದನ್ನೂ ಕೊಂಡಿದ್ದರಂತೆ.
ಅವನು ಒತ್ತಿದ ಹಂಚುಗಳ ಬೆನ್ನಿಗೂ
ಕಾರ್ಖಾನೆಯ ಹೆಸರೇ ಇತ್ತಲ್ಲ.
ನಾನು ಸಣ್ಣ ಕಳ್ಳ. ದೊಡ್ಡವರ ಹತ್ತಿರ ರಶೀದಿ ಉಂಟು.

ಹೇಳಬೇಕಾದ್ದು ಬೇರೆ ಒಂದು.
ಆಟಿಯ ಮಧ್ಯಾಹ್ನ. ವಾಮನಣ್ಣ ಊಟಕ್ಕೆ ಹೋಗಿದ್ದರು.
ಅವನೇ ಬಂದ. ಕೊಡೆ ಮಡಚಿ ಹೊರಗಿಟ್ಟ.
"ಕುವೆಲ್ಲೊನದ್ದು ಉಂಟಾ?" ಎಂದ,
ಬೇರೆ ಯಾರನ್ನೋ ಕೇಳುವ ಹಾಗೆ.
ಮಗಳ ರೋಸಿಗೆ ಬೇಕಿತ್ತು. ಮನೆಯಲ್ಲಿ ಒಂದೂ ಹಾಡುತ್ತಿರಲಿಲ್ಲ.
ಹಾಕಿದೆ. ಕೌಂಟರಿಗೆ ಮೊಣಕೈ ಊರಿ ಇಡೀ ಕೇಳಿದ,
ತುಟಿ ಆಡಿಸುತ್ತ, ಸದ್ದಿಲ್ಲದೆ.

ಅವನ ಹಾಡುಗಳು ಅರವತ್ತೆರಡು ನಿಮಿಷ. ನಮ್ಮ ಟೇಪು ಅರವತ್ತು.
ಮೂಲದ್ದು ಸವೆದು ಎಂದೋ ಎಸೆದಾಗಿತ್ತು; ಕಾಪಿಯಿಂದ ಕಾಪಿ.
ಆರನೆಯದರ ಬಾಲ ಇಲ್ಲದಾಗ ಹುಬ್ಬು ಏರಿಸಿದ, ಅಷ್ಟೇ.
ಹನ್ನೆರಡನೆಯದು ನಡುವೆ ಟಪ್ಪೆಂದು ನಿಂತಿತು.
ಅವನು ನಿಲ್ಲಲಿಲ್ಲ.
ಉಳಿದದ್ದನ್ನು ಬಾಯಲ್ಲೇ ಹೇಳಿ ಮುಗಿಸಿದ, ಮೆಲ್ಲಗೆ,
ಹೊರಗೆ ತಲಪಾಡಿ ತಲಪಾಡಿ ಎಂದು ಕಂಡಕ್ಟರ್ ಕೂಗುತ್ತಿರುವಾಗ.
ಕೆಂಪು ಗುಂಡಿ ನನ್ನ ಬೆರಳ ಹತ್ತಿರವೇ ಇತ್ತು.
ಒತ್ತಲಿಲ್ಲ.
ಮರ್ಯಾದೆಗೆ ಎಂದು ಬರೆಯಲು ಆಸೆ.
ನಿಜವೆಂದರೆ, ಹೊಳೆಯಲೇ ಇಲ್ಲ.

ಆ ಸಾಲುಗಳಿಗಾಗಿ ಈಗ ಹುಡುಕುತ್ತೇನೆ.
ಮಗಳು ಮಸ್ಕತ್ತಿನಲ್ಲಿ; ಅವಳಿಗೆ ರಾಗ ನೆನಪುಂಟು, ಮಾತಿಲ್ಲ.
ಕಂಪೆನಿಗೂ ಬರೆದು ಕೇಳಿದೆ.
ಹಕ್ಕು ನಮ್ಮಲ್ಲಿದೆ, ಟೇಪು ಇಲ್ಲ ಎಂದು ಉತ್ತರ.

ಅವತ್ತು ಅವನು ಇಪ್ಪತ್ತರ ನೋಟು ಕೊಟ್ಟ.
ನಾನು ಐದು ರೂಪಾಯಿ ಹಿಂದೆ ಕೊಟ್ಟೆ.
ಅಂಗಡಿಯ ಲೆಕ್ಕದ ಪುಸ್ತಕ ನನ್ನಲ್ಲೇ ಉಳಿದಿದೆ,
ನೇರಳೆ ಸ್ವಲ್ಪ ಕಂದಿದೆ, ಓದಲಡ್ಡಿಯಿಲ್ಲ:
ಕೊಂಕಣಿ, ಅರವತ್ತರದ್ದು, ಒಂದು.
ರೂ. ಹದಿನೈದು. ವಸೂಲು.