ಇನ್ನೂರು ಗುಣಿಲೆ ಇನ್ನೂರು

ಗ್ಲ್ದಾನಿಯಲ್ಲಿ ನಮ್ಮದು ಏಳನೇ ಮಹಡಿ.
ನಾಣ್ಯ ನುಂಗದೆ ಮೇಲೇಳದ ಲಿಫ್ಟು.
ಚಿಲ್ಲರೆ ಇರಲಿಲ್ಲ, ನಡೆದೇ ಹತ್ತಿದೆ,
ಮೆಟ್ಟಿಲಿಗೊಂದು ಸಾಲಿನಂತೆ ಕೋಡು ಕಟ್ಟುತ್ತ.

ಅಡುಗೆಮನೆಯ ಮೇಜಿನ ಮೇಲೆ ಮತ್ಸೋನಿಯ ಬೋಗುಣಿ
ಉಣ್ಣೆ ಶಾಲು ಹೊದ್ದು ಹೆಪ್ಪಾಗುತ್ತಿದೆ.
ಪಕ್ಕದಲ್ಲಿ ಸಂಸ್ಥೆಯವರು ಬೇಡವೆಂದು ಕೊಟ್ಟ ಲ್ಯಾಪ್‌ಟಾಪು.
ಪರದೆಯಲ್ಲಿ ಇನ್ನೂರು ಗುಣಿಲೆ ಇನ್ನೂರು ಮನೆ,
ಮನೆಗೊಂದು ಜೀವಾಣು.
ಬೀಜಸಂಖ್ಯೆ ಕೇಳಿತು; ಫ್ಲಾಟಿನ ನಂಬರು ಒತ್ತಿದೆ, ಎಪ್ಪತ್ತನಾಲ್ಕು.

ಕೆಂಪು ವಿಷ ಕಾಸುತ್ತದೆ,
ಕಾಸುವ ಸೌದೆಗೇ ಸೊರಗುತ್ತದೆ.
ನೀಲಿಗೆ ವಿಷ ತಾಗದು, ಆದರೆ ಆ ಕವಚ ಬಾಡಿಗೆಯದು,
ತಲೆಮಾರಿಗೆ ತಲೆಮಾರು ಕಟ್ಟಲೇಬೇಕು.
ಹಳದಿಗೆ ಕತ್ತಿಯೂ ಇಲ್ಲ ಕವಚವೂ ಇಲ್ಲ,
ಉಂಡದ್ದು ಮೈಗೆ ಹತ್ತುತ್ತದೆ,
ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಎರಡಾಗುತ್ತದೆ.

ಕೆಂಪು ಹಳದಿಯನ್ನು ಕೊಲ್ಲುವುದು,
ಹಳದಿ ನೀಲಿಯನ್ನು ಒತ್ತರಿಸುವುದು,
ನೀಲಿ ಕೆಂಪಿಗೆ ಕಾಲಿಡಲು ಎಡೆ ಕೊಡದು.
ಹೊರಗೆ ಮೆಟ್ಟಿಲ ಮೇಲೆ ಒತಿಯನ ಮೊಮ್ಮಕ್ಕಳು
ಕಲ್ಲು ಕತ್ತರಿ ಕಾಗದ ಆಡುತ್ತ ಜಗಳಾಡುತ್ತಿದ್ದಾರೆ.

ಮೊದಲ ಓಟದಲ್ಲಿ ನಾನು ಬರೆದದ್ದು:
ಯಾವ ಮನೆಯ ಮರಿ ಯಾವ ಮನೆಗಾದರೂ ಹಾರಲಿ.
ಸೀಸೆಗೆ ಹಾಕಿ ಕುಲುಕಿದ ಹಾಗೆ, ಕಲಸುಮೇಲೋಗರ.
ಹಳದಿ ಸದ್ದಿಲ್ಲದೆ ಹೋಯಿತು.
ಕೊಲ್ಲಲು ಯಾರೂ ಉಳಿಯದ ಕೆಂಪು
ಬರಿದೇ ಕಾಸುತ್ತ ಕಾಸುತ್ತ ತೆಳ್ಳಗಾಯಿತು.
ಆಮೇಲೆ ನೀಲಿ. ಅಂಚಿನಿಂದ ಅಂಚಿಗೆ ನೀಲಿ.
ಯಾರ ಭಯಕ್ಕೆ ತೊಟ್ಟದ್ದೆಂದು ಮರೆತು
ಕವಚದ ಬಾಡಿಗೆ ಕಟ್ಟುತ್ತಲೇ ಇತ್ತು.

ಮೂವತ್ತು ವರ್ಷ ಪೆಟ್ರಿ ತಟ್ಟೆಗಳ ಮೇಲೆ ಬಗ್ಗಿದ ಬೆನ್ನು ನನ್ನದು,
ಅಷ್ಟೂ ವರ್ಷ ಸೀಸೆ ಕುಲುಕಿದ್ದು ಈ ಕೈಯೇ.
ಒಂದು ಸಾಲು ತಿದ್ದಿದೆ:
ಮರಿ ಹೋದರೆ ಪಕ್ಕದ ಎಂಟು ಮನೆಗೆ ಮಾತ್ರ.

ಓಡಲು ಬಿಟ್ಟೆ. ಕರೆಂಟು ಹೋಯಿತು.
ಇಡೀ ಕಟ್ಟಡ ಒಮ್ಮೆ ಉಸ್ಸೆಂದಿತು. ಲಿಫ್ಟಿನೊಳಗಿಂದ ಯಾರೋ ಬೈದರು.
ಗೋಡೆಯಾಚೆ ಅರ್ಶಲೂಯಿಸಳ ಕಾಲುಮಿಷನ್ನು ಮಾತ್ರ
ಕತ್ತಲೆಯಲ್ಲೂ ಟಕಟಕ ತುಳಿಸಿಕೊಳ್ಳುತ್ತಿತ್ತು.
ಹಳೆ ಬ್ಯಾಟರಿಯ ಬೆಳಕಲ್ಲಿ ಮೂರು ಬಣ್ಣ
ತೇಪೆ ತೇಪೆಯಾಗಿ ಹರಡಿದವು.
ಕೆಂಪು ತೇಪೆ ಹಳದಿಯ ಬೆನ್ನಟ್ಟಿತು,
ಅದರ ಹಿಮ್ಮಡಿ ಕಚ್ಚಿ ನೀಲಿ,
ನೀಲಿಯ ಹಿಂದೆ, ಎಲ್ಲಿತ್ತೋ, ಮತ್ತೆ ಹಳದಿ.
ಗಡಿಗಳು ನಿಲ್ಲಲಿಲ್ಲ, ಗಡಿಯಿಲ್ಲದ ಜಾಗವೂ ಇರಲಿಲ್ಲ.

ಬಾಗಿಲು ಬಡಿಯಿತು. ಒತಿಯನ ಮೊಮ್ಮಗಳು,
ಕೈಯಲ್ಲಿ ಖಾಲಿ ಲೋಟ:
"ಲಾಮ್ಜಿರಾ ಅತ್ತೆ, ಒಂದು ಚಮಚ ಹೆಪ್ಪು ಬೇಕಂತೆ."
ಯಾರಿಗೆ ಬೇಕಂತೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.
ಮೇಲಿನ ಮನೆಯ ಪೈಪು ಸೋರಿ ನನ್ನ ಛಾವಣಿಗೆ ಕಲೆ ಬಿದ್ದು
ಒಂಬತ್ತು ವರ್ಷ; ಒತಿಯ ನನ್ನೊಡನೆ ಮಾತು ಬಿಟ್ಟು ಎಂಟೂವರೆ.
ಶಾಲು ಸರಿಸಿ, ಕೆನೆ ಮುರಿಯದಂತೆ, ಅಂಚಿನಿಂದ ಒಂದು ಚಮಚ ಕೊಟ್ಟೆ.
ಆ ಚಮಚದಲ್ಲಿ ಎಷ್ಟು ಜಾತಿ, ಎಷ್ಟು ಜಗಳವೋ.
"ಹಾಲು ಬಿಸಿಯಿರಬಾರದು ಅನ್ನು," ಎಂದೆ.
"ಬೆರಳು ಅದ್ದಿ ಏಳು ಎಣಿಸುವಷ್ಟು."

ಹಿಂತಿರುಗುವಷ್ಟರಲ್ಲಿ ಬ್ಯಾಟರಿ ಮೂರಕ್ಕಿಳಿದಿತ್ತು.
ಹಳದಿಯ ಲೆಕ್ಕ ಎಂಟುನೂರ ಹನ್ನೆರಡು,
ಏರುತ್ತಿತ್ತೋ ಇಳಿಯುತ್ತಿತ್ತೋ ನೋಡುವ ಮೊದಲೇ ಪರದೆ ಆರಿತು.
ಹದಿನಾಲ್ಕು ಸಾವಿರದ ಮುನ್ನೂರನೇ ಹೆಜ್ಜೆಯಲ್ಲಿ ಮೂರೂ ಇದ್ದವು.
ಆಮೇಲಿನದು ನನಗೆ ಗೊತ್ತಿಲ್ಲ.
ಮೇಲೆ ಯಾರೋ ಹಾಲಿನ ಪಾತ್ರೆ ಇಟ್ಟ ಸದ್ದು.